ಸ್ನೋ ಗ್ಯಾರಂಟಿ ಎಂಬ ರಬ್ಬರ್ ಸ್ಟಾಂಪು

ಮಾರ್ಚ್ ಬಂತೆಂದರೆ ನನ್ನ ಕೌಂಟರಿನ ಫೋನಿಗೆ ಒಂದೇ ಪ್ರಶ್ನೆ. "ಶೆಟ್ರೇ, ಮೇ ಮೊದಲ ವಾರ ಹೋದ್ರೆ ಬರ್ಫ್ ಸಿಕ್ತದಾ?" ಮಕ್ಕಳ ಪರೀಕ್ಷೆಯ ಟೈಮ್‌ಟೇಬಲ್ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಾರೆ. ದರ ಆಮೇಲೆ, ಹೋಟೆಲ್ ಆಮೇಲೆ, ಊಟ ವೆಜ್ಜೋ ನಾನ್‌ವೆಜ್ಜೋ ಅದೂ ಆಮೇಲೆ. ಮೊದಲು ಬರ್ಫ್. ಇಪ್ಪತ್ತು ವರ್ಷ ನಾನು ಇದಕ್ಕೆ ಒಂದೇ ಉತ್ತರ ಕೊಟ್ಟೆ: "ಸಿಕ್ಕೇ ಸಿಕ್ತದೆ ಮಾರಾಯ್ರೆ, ಗ್ಯಾರಂಟಿ." ಬಾಯಿಮಾತು ಸಾಲದೆಂದು ಒಂದು ರಬ್ಬರ್ ಸ್ಟಾಂಪನ್ನೂ ಮಾಡಿಸಿದ್ದೆ. ಅಡ್ವಾನ್ಸ್ ರಸೀದಿಯ ಬಲಮೂಲೆಯಲ್ಲಿ ನೇರಳೆ ಶಾಯಿಯ 'ಸ್ನೋ ಗ್ಯಾರಂಟಿ' ಬಿತ್ತೆಂದರೆ ಗಿರಾಕಿಯ ಮುಖ ಅರಳುತ್ತಿತ್ತು. ಆ ಸ್ಟಾಂಪು ಸುಳ್ಳು ಎಂದು ಹೇಳುವುದಕ್ಕೇ ಈ ಲೇಖನ.

ನಾನು ಕುಂದಾಪುರದ ಕಡೆಯವ. 1983ರಲ್ಲಿ ಮುಂಬಯಿಯ ಫೋರ್ಟಿಗೆ, ಮಾವನ ಹೋಟೆಲಿಗೆ ಬಂದು, ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದವ. ಮುಂದೆ ಡೊಂಬಿವಲಿ ಪೂರ್ವದಲ್ಲಿ, ಮಾನ್ಪಾಡಾ ರಸ್ತೆಯಿಂದ ಒಳಗಿನ ಓಣಿಯಲ್ಲಿ, ಊರಿನ ಬಸ್ ಟಿಕೆಟ್ ಮಾರುವ ಕೌಂಟರ್ ಹಾಕಿದೆ. ಉಡುಪಿ, ಕುಂದಾಪುರ, ಮಂಗಳೂರು. ಗಣೇಶ ಚೌತಿಗೂ ಮೇ ತಿಂಗಳ ಮದುವೆಗಳಿಗೂ ಸೀಟು ಸಿಗುತ್ತಿರಲಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು, ನನ್ನ ವ್ಯಾಪಾರ ಅರ್ಧಕ್ಕೆ ಇಳಿಯಿತು. ಆಗ ಹಿಡಿದದ್ದು ಈ ಗ್ರೂಪ್ ಟೂರ್. ಮನಾಲಿ, ಶಿಮ್ಲಾ, ಕಾಶ್ಮೀರ. ಹಿಮವನ್ನು ಕಣ್ಣಾರೆ ನೋಡುವ ಮೊದಲೇ ನೂರಾರು ಜನರಿಗೆ ಅದನ್ನು ಮಾರಿದ್ದೆ.

ಸ್ಟಾಂಪಿನ ಬಣ್ಣ ಬಯಲಾದದ್ದು 2018ರ ಮೇ ತಿಂಗಳಲ್ಲಿ. ಮೂವತ್ತೆಂಟು ಜನರ ಗ್ರೂಪಿನ ಜೊತೆ ನಾನೇ ಮನಾಲಿಗೆ ಹೋಗಿದ್ದೆ. ರೋಹ್ತಾಂಗ್ ಕಣಿವೆದಾರಿಗೆ ದಿನಕ್ಕೆ 1,200 ಪ್ರವಾಸಿ ವಾಹನ ಮಾತ್ರ ಎಂದು ಹಸಿರು ನ್ಯಾಯಮಂಡಳಿ ಮಿತಿ ಹಾಕಿತ್ತು. ನಮ್ಮ ಗಾಡಿಗಳಿಗೆ ಪರ್ಮಿಟ್ ಸಿಗಲಿಲ್ಲ. ದಾರಿಯುದ್ದಕ್ಕೂ ನಂಬರು ಬರೆದ ಅಂಗಡಿಗಳು, ಬಾಡಿಗೆಗೆ ಉದ್ದ ಕೋಟು, ಗಮ್‌ಬೂಟು. ಎಲ್ಲರೂ ಹಾಕಿಕೊಂಡರು. ಬಿಸಿಲಿಗೆ ಕೋಟಿನೊಳಗೆ ಬೆವರು ಇಳಿಯುತ್ತಿತ್ತು. ಗುಲಾಬಾದ ಆಚೀಚೆ ಡ್ರೈವರು ಗಾಡಿ ನಿಲ್ಲಿಸಿ "ಬರ್ಫ್" ಅಂದ. ರಸ್ತೆಯ ಬದಿಯಲ್ಲಿ ಒಂದು ಕಪ್ಪು ದಿಬ್ಬ. ಮೇಲೆ ಡೀಸೆಲ್ ಮಸಿ, ಧೂಳು, ಮ್ಯಾಗಿಯ ಹಳದಿ ಪೊಟ್ಟಣ, ಪಕ್ಕದಲ್ಲಿ ಕುದುರೆ ಲದ್ದಿ. ಅದರ ಮುಂದೆ ಫೋಟೋಕ್ಕೆ ಕ್ಯೂ. ತಿಲಕ್ ನಗರದ ಒಬ್ಬರು ಅಜ್ಜಿ ಕೊಡೆಯ ತುದಿಯಿಂದ ಆ ದಿಬ್ಬವನ್ನು ಕೆರೆದು ನೋಡಿ ಕೇಳಿದರು, "ಇದೆಂಥದು ಮಾರಾಯ, ನಮ್ಮ ಎಂಐಡಿಸಿಯಿಂದ ತಂದು ಹಾಕಿದ್ದಾ?"

ಎಲ್ಲರೂ ನಕ್ಕರು. ಡೊಂಬಿವಲಿಯವರಿಗೆ ಈ ಮಾತಿನ ಖಾರ ಗೊತ್ತು. 2014ರಲ್ಲಿ ನಮ್ಮಲ್ಲಿ ಹಸಿರು ಮಳೆ ಬಿತ್ತೆಂದು ಸುದ್ದಿಯಾಗಿತ್ತು; ಮುಂದೆ 2020ರಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ರಸ್ತೆಯೇ ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿತು. ಬಣ್ಣಬಣ್ಣದ ಊರು ನಮ್ಮದು, ಹಿಮವಾದರೂ ಬೆಳ್ಳಗಿರಲಿ ಎಂದು ಅಷ್ಟು ದೂರ ಬಂದವರು ಅವರು. ನಾನೂ ನಕ್ಕೆ. ಆದರೆ ಅಜ್ಜಿಯ ಸೊಂಟದ ಚೀಲದಲ್ಲಿ ನನ್ನ ಸ್ಟಾಂಪು ಬಿದ್ದ ರಸೀದಿ ಇತ್ತು. ಅವರು ಅದನ್ನು ತೆಗೆದು ತೋರಿಸಲಿಲ್ಲ. ತೋರಿಸಿ ಬೈದಿದ್ದರೆ ನನಗೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಹಿಮವೆಂದರೇನು ಎಂದು ನಾನು ಕಲಿತದ್ದು ಇನ್ನೂ ಐದು ವರ್ಷ ಕಳೆದ ಮೇಲೆ, 2023ರ ಮಾರ್ಚ್ ಮೂರನೇ ವಾರ, ಗುಲ್ಮಾರ್ಗದಲ್ಲಿ. ಗ್ರೂಪ್ ಇಲ್ಲದೆ ನಾನು ಮತ್ತು ಹೆಂಡತಿ ಇಬ್ಬರೇ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಸ್ಕೀ ಕಟ್ಟಿ ನೋಡಬೇಕೆಂಬ ಆಸೆ. ಮೊದಲ ದಿನ ನನ್ನ ಟೂರಿನವರ ಹಾಗೆಯೇ ಮಾಡಿದೆ: ಎಂಟೂವರೆಗೆ ಎದ್ದು, ಬಿಸಿನೀರಿಗೆ ಕಾದು, ಪರಾಠಾ ತಿಂದು, ಇಳಿಜಾರಿಗೆ ಹೋಗುವಾಗ ಮಧ್ಯಾಹ್ನ ಒಂದು. ಬೂಟು ಮೊಣಕಾಲವರೆಗೆ ಹೂತಿತು. ಸ್ಕೀ ಹಲಗೆ ಜಾರುವುದಿರಲಿ, ಅಲುಗಲೂ ಇಲ್ಲ. ಕಲಿಸಲು ಬಂದ ಟಂಗ್‌ಮಾರ್ಗ್ ಕಡೆಯ ಹುಡುಗ ಸ್ವಲ್ಪ ಹೊತ್ತು ನೋಡಿ ಹಿಂದಿಯಲ್ಲಿ ಹೇಳಿದ: "ಚಾಚಾ, ಇದು ಸ್ಕೀಯಿಂಗ್ ಅಲ್ಲ, ಗದ್ದೆ ಉಳುವುದು. ದುಡ್ಡು ಇಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಬನ್ನಿ."

ಮರುದಿನ ಎಂಟೂವರೆಗೆ ಹೋದೆವು. ಅದೇ ಇಳಿಜಾರು ಈಗ ಗಾಜಿನ ಹಾಗೆ ಗಟ್ಟಿ. ಹುಡುಗ ಬೂಟಿನ ಹಿಮ್ಮಡಿಯಿಂದ ಕುಟ್ಟಿದ, ಟಕ್ ಎಂದಿತು. "ಇನ್ನೂ ಆಗಿಲ್ಲ," ಅಂದ. ಉಪ್ಪು ಚಹಾ ಕುಡಿಯುತ್ತ ಕೂತೆವು. ಬಿಸಿಲು ಇಳಿಜಾರಿನ ಮೇಲೆ ಇಳಿದು ಬರುತ್ತಿತ್ತು. ಒಂಬತ್ತೂಮುಕ್ಕಾಲಿಗೆ ಅವನು ಕೋಲು ಊರಿ ನೋಡಿದ, ತುದಿ ಎರಡು ಬೆರಳಷ್ಟು ಇಳಿಯಿತು. ಬಗ್ಗಿ ಒಂದು ಮುಷ್ಟಿ ತೆಗೆದು ನನ್ನ ಹೆಂಡತಿಯ ಕೈಗೆ ಸುರಿದ. ಕಾಳು ಕಾಳು, ಒಂದಕ್ಕೊಂದು ಅಂಟದೆ, ಒಳಗೆ ಬೆಳಕು ಕಾಣುವ ಹಾಗೆ. ಅವಳು ಬೆರಳಲ್ಲಿ ಒತ್ತಿ ನೋಡಿ ಹೇಳಿದಳು, "ನೋಡಿ, ಏಕಾದಶಿಗೆ ರಾತ್ರಿ ನೆನೆಹಾಕಿದ ಸಾಬುದಾಣೆ ಇದ್ದ ಹಾಗೇ ಉಂಟಲ್ಲ!"

ವಸಂತದ ಹಿಮದ ಶಾಸ್ತ್ರ ಪೂರ್ತಿ ಆ ಸಾಬುದಾಣೆಯಲ್ಲಿದೆ. ಹಗಲು ಬಿಸಿಲಿಗೆ ಹಿಮದ ಮೇಲ್ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಕೆಲವು ದಿನ ನಡೆದರೆ ಹೊಸ ಹಿಮದ ಮುಳ್ಳುಮುಳ್ಳಾದ ಹರಳುಗಳು ಸವೆದು ದುಂಡಗಿನ ದಪ್ಪ ಕಾಳಾಗುತ್ತವೆ. ಬೆಳಿಗ್ಗೆ ಆ ಕಾಳುಗಳನ್ನು ಮಂಜುಗಡ್ಡೆ ಕಚ್ಚಿ ಹಿಡಿದಿರುತ್ತದೆ; ಬಿದ್ದರೆ ಮೂಳೆಗೆ ಅಪಾಯ. ಬಿಸಿಲು ಆ ಹಿಡಿತ ಸಡಿಲಿಸಿ, ಕಾಳು ಬಿಡಿಬಿಡಿಯಾಗುವ ಒಂದೆರಡು ಗಂಟೆಯಲ್ಲಿ ಸ್ಕೀಗೆ ಅದಕ್ಕಿಂತ ಒಳ್ಳೆಯ ನೆಲ ಬೇರೆ ಇಲ್ಲ. ಕಲಿಯುವವನನ್ನೂ ಅದು ಕ್ಷಮಿಸುತ್ತದೆ. ಆಮೇಲೆ ನೀರು ಹೆಚ್ಚಿ ಸಾಬುದಾಣೆ ಗಂಜಿಯಾಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಸಡಿಲುತ್ತದೆ, ಆಮೇಲೆ ದಕ್ಷಿಣ, ಪಶ್ಚಿಮ, ಉತ್ತರದ್ದು ಕೊನೆಗೆ.

ಇದರಲ್ಲಿ ರಾತ್ರಿಯ ಪಾತ್ರ ದೊಡ್ಡದು. ಆಕಾಶ ತಿಳಿಯಾಗಿದ್ದರೆ ಹಿಮದ ಶಾಖ ಮೇಲಕ್ಕೆ ಹೋಗಿ ಅದು ಗಟ್ಟಿಯಾಗುತ್ತದೆ. ಮೋಡ ಕವಿದರೆ ಅದು ಕಂಬಳಿ ಹೊದ್ದ ಹಾಗೆ. ಹಿಮ ಹೆಪ್ಪುಗಟ್ಟದೆ ಬೆಳಗಿಗೇ ಗಂಜಿ. ಡೊಂಬಿವಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇ ಕೊನೆಯಲ್ಲಿ ಮೋಡ ಕವಿದ ರಾತ್ರಿ ಫ್ಯಾನಿನ ಕೆಳಗೂ ಬೆವರುವವರು ನಾವು.

ಆ ದಿನ ಒಂದೂವರೆ ಗಂಟೆಯಲ್ಲಿ ಏಳು ಸಲ ಬಿದ್ದೆ. ಎಂಟನೆಯ ಸಲ ಹಲಗೆಗಳ ಮೂತಿ ಒಳಗೆ ಕೂಡಿಸಿ, ಬಾಲ ಅಗಲಿಸಿ, ಇಳಿಜಾರಿನ ಬುಡದವರೆಗೆ ನಿಂತೇ ಬಂದೆ. ಹನ್ನೊಂದೂವರೆಗೆ ಹುಡುಗ ಹಲಗೆ ಬಿಚ್ಚಿಸಿದ. ಸರಿಯಾಗಿ ಅದೇ ಹೊತ್ತಿಗೆ ಟಂಗ್‌ಮಾರ್ಗದಿಂದ ಗಾಡಿಗಳು ಬಂದು ಸಾಲುಗಟ್ಟತೊಡಗಿದವು. ಬಾಡಿಗೆ ಬೂಟು ಹಾಕಿದ ಸಂಸಾರಗಳು ಗಂಜಿಗೆ ಇಳಿದವು. ಅದರಲ್ಲಿ ನನ್ನದೇ ಐಟಿನರಿ ಕಂಡೆ. 'ಉಪಾಹಾರದ ನಂತರ ಹನ್ನೊಂದಕ್ಕೆ ಸ್ನೋ ಪಾಯಿಂಟ್' ಎಂದು ಇಪ್ಪತ್ತು ವರ್ಷ ಛಾಪಿಸಿದವ ನಾನು. ಬೆಳಗಿನ ಫಾಸ್ಟ್ ಲೋಕಲ್ ಹಿಡಿಯಲು ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟುವ ಜನ ನಾವು. ಆ ಜನರನ್ನು ಹಿಮದ ಒಳ್ಳೆಯ ಹೊತ್ತು ಮುಗಿದ ಮೇಲೆ ಕರೆದುಕೊಂಡು ಹೋಗುತ್ತಿದ್ದೆ.

ಎತ್ತರದ ಲೆಕ್ಕವೂ ಅಲ್ಲಿಯೇ ತಿಳಿಯಿತು. ಗುಲ್ಮಾರ್ಗದ ಬಯಲು ಸುಮಾರು 2,650 ಮೀಟರ್. ಗೊಂಡೋಲಾ ಕೇಬಲ್ ಕಾರಿನ ಮೊದಲ ಹಂತ ಕೊಂಗ್‌ಡೂರಿಗೆ, ಅಂದರೆ ಮೂರು ಸಾವಿರದಾಚೆ. ಎರಡನೆಯದು ಅಫರ್ವತ್ ಬೆಟ್ಟದ ಭುಜಕ್ಕೆ, ನಾಲ್ಕು ಸಾವಿರದ ಹತ್ತಿರ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಚಳಿ ಹೆಚ್ಚು. ಹಾಗಾಗಿ ಒಂದೇ ದಿನ, ಒಂದೇ ಬೆಟ್ಟದಲ್ಲಿ, ಕೆಳಗೆ ಕೆಸರು ಮತ್ತು ಹುಲ್ಲು, ನಡುವೆ ಸಾಬುದಾಣೆ, ಮೇಲೆ ಇನ್ನೂ ಚಳಿಗಾಲ. "ಗುಲ್ಮಾರ್ಗದಲ್ಲಿ ಬರ್ಫ್ ಉಂಟಾ?" ಎಂಬ ಪ್ರಶ್ನೆಯೇ ಅರ್ಧ. ಯಾವ ಎತ್ತರದಲ್ಲಿ, ಎಷ್ಟು ಗಂಟೆಗೆ ಎಂದೂ ಕೇಳಬೇಕು.

ಮೇಲಿನ ಹಿಮ ಸುಮ್ಮನೆ ನೋಡುವ ವಸ್ತುವೂ ಅಲ್ಲ. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಹಿಮ ಕುಸಿದು ಇಬ್ಬರು ಪೋಲೆಂಡಿನವರು ತೀರಿಕೊಂಡರು. 2024ರ ಫೆಬ್ರವರಿ 22ರಂದು ಒಬ್ಬ ರಷ್ಯದವ. ಅವು ಹೊಸ ಹಿಮ ಬಿದ್ದ ಬೆನ್ನಿಗೇ ಆದ ದುರಂತಗಳು. ವಸಂತದ ಅಪಾಯ ಬೇರೆ ತರಹದ್ದು. ಕರಗಿದ ನೀರು ಪದರಗಳ ಒಳಗೆ ಇಳಿದು ಹಿಡಿತ ತಪ್ಪಿಸುತ್ತದೆ, ಮಧ್ಯಾಹ್ನದ ಮೇಲೆ ಒದ್ದೆ ಹಿಮ ಭಾರವಾಗಿ ಜಾರುತ್ತದೆ. ಬೆಳಿಗ್ಗೆ ಹತ್ತಕ್ಕೆ ಕ್ಷೇಮವಾಗಿದ್ದ ಇಳಿಜಾರು ಎರಡಕ್ಕೆ ಹಾಗೇ ಇರಬೇಕೆಂದಿಲ್ಲ.

ಹಾಗಾದರೆ ದಿನಾಂಕ ನೋಡಿ ಹೋದರೆ ಸಾಕೇ? ಕಾಶ್ಮೀರದವರಿಗೆ ಹಳೆಯ ಪಂಚಾಂಗವೊಂದಿದೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ. ನಮ್ಮ ಆರ್ದ್ರಾ, ಪುನರ್ವಸು ಮಳೆಗಳ ಹಾಗೆ. ನಮ್ಮ ಮಳೆ ಮಾತು ತಪ್ಪಿದಂತೆ ಅವರ ಹಿಮವೂ ತಪ್ಪುತ್ತಿದೆ. 2024ರ ಜನವರಿಯಲ್ಲಿ, ಚಿಲ್ಲೈ ಕಲಾನಿನ ನಡುವೆಯೇ, ಗುಲ್ಮಾರ್ಗ ಒಣ ಕಂದು ಹುಲ್ಲಾಗಿ ಬಿದ್ದಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಹಿಮ ಬಿದ್ದದ್ದು ತಿಂಗಳ ಕೊನೆಗೆ. ಮರುವರ್ಷ ಫೆಬ್ರವರಿಯಲ್ಲಿ ಗುಲ್ಮಾರ್ಗದಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮುಂದೂಡಿ ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ಸರ್ಕಾರ ನಡೆಸುವ ಕೂಟಕ್ಕೇ ಗ್ಯಾರಂಟಿ ಇಲ್ಲದ ಹಿಮಕ್ಕೆ ಮಾನ್ಪಾಡಾ ರಸ್ತೆಯ ಕೌಂಟರಿನವ ಹೇಗೆ ಗ್ಯಾರಂಟಿ ಕೊಟ್ಟಾನು?

ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಅವರಲ್ಲಿ ಮೂವರು ನಮ್ಮ ಡೊಂಬಿವಲಿಯವರು. ಮರುದಿನ ಭಾಗಶಾಳಾ ಮೈದಾನದಲ್ಲಿ ಊರೇ ನಿಂತಿತ್ತು, ನಾನೂ ನಿಂತಿದ್ದೆ. ಅವರು ನನ್ನ ಗಿರಾಕಿಗಳಲ್ಲ. ಆದರೆ ಅದೇ ವಾರ ಅದೇ ಕಣಿವೆಗೆ ಹೊರಡಬೇಕಿದ್ದ ನನ್ನ ಗ್ರೂಪಿತ್ತು, ಅವರಿಗೆ "ಏನೂ ಆಗುದಿಲ್ಲ, ಆರಾಮಾಗಿ ಹೋಗಿ ಬನ್ನಿ" ಎಂದು ನಾನೇ ಹೇಳಿದ್ದೆ. ಅಡ್ವಾನ್ಸ್ ವಾಪಸು ಕೊಟ್ಟೆ. ಮೈದಾನದಿಂದ ಬಂದ ಸಂಜೆ ಡ್ರಾಯರಿನಿಂದ ಸ್ಟಾಂಪು ತೆಗೆದು ಬಿಸಾಡಿದೆ. ಆ ದಿನ ನಡೆದದ್ದನ್ನು ಯಾವ ಟೂರಿನವನೂ ಮುಂಚೆ ಹೇಳಲಾರ. ನನಗೆ ಚುಚ್ಚಿದ್ದು ಬೇರೆ: ಗೊತ್ತಿಲ್ಲದ್ದಕ್ಕೆ ನಾನು ಧೈರ್ಯವಾಗಿ ಮಾತು ಕೊಡುತ್ತಿದ್ದೆ, ಗೊತ್ತುಮಾಡಿಕೊಳ್ಳಬಹುದಾದದ್ದನ್ನು ಹೇಳುತ್ತಿರಲಿಲ್ಲ. ಹಿಮ ಈ ಎರಡನೆಯ ಸಾಲಿನದು. ಅದು ಹೇಗಿದೆ ಎಂದು ಗುಲ್ಮಾರ್ಗದ ಪ್ರತಿ ಸ್ಲೆಜ್‌ನವನಿಗೂ ಬೆಳಗಿನ ಚಹಾದ ಹೊತ್ತಿಗೆ ಗೊತ್ತಿರುತ್ತದೆ. ಡೊಂಬಿವಲಿಯಲ್ಲಿ ದುಡ್ಡು ಎಣಿಸುವವನಿಗೆ ಮಾತ್ರ ಗೊತ್ತಿರುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮಳೆಗಾಲದಲ್ಲಿ ಮುಂಬಯಿಯ ಪತ್ರಿಕೆಗಳು ಭಾತ್ಸಾ, ತಾನ್ಸಾ, ವೈತರಣಾ ಎಂದು ಏಳು ಕೆರೆಗಳ ಮಟ್ಟವನ್ನು ದಿನವೂ ಅಚ್ಚು ಹಾಕುತ್ತವೆ. ಬಾರ್ವಿ ಅಣೆಕಟ್ಟು ತುಂಬಿತೆಂಬ ಸುದ್ದಿಗೆ ನಮ್ಮ ಸೊಸೈಟಿಯ ವಾಟ್ಸಾಪಿನಲ್ಲಿ ಕೈಮುಗಿಯುವ ಚಿತ್ರಗಳು ಸಾಲಾಗಿ ಬರುತ್ತವೆ. ಯಾವ ಇಂಜಿನಿಯರನೂ "ಈ ವರ್ಷ ಕೆರೆ ತುಂಬುವುದು ಗ್ಯಾರಂಟಿ" ಅನ್ನುವುದಿಲ್ಲ. ಇವತ್ತು ಇಷ್ಟಿದೆ ಅನ್ನುತ್ತಾನೆ, ನಾವು ನಲ್ಲಿಯ ಲೆಕ್ಕ ಹಾಕಿಕೊಳ್ಳುತ್ತೇವೆ. ಗುಲ್ಮಾರ್ಗ, ಸೋಲಂಗ್, ಔಲಿಗಳಿಗೂ ಇಂಥದೇ ನಾಲ್ಕು ಸಾಲು ಬೇಕು: ಕೆಳಗೆ ಎಷ್ಟು ಹಿಮ, ಮೇಲೆ ಎಷ್ಟು, ರಾತ್ರಿ ಹೆಪ್ಪುಗಟ್ಟಿತೋ ಇಲ್ಲವೋ, ಇವತ್ತು ಎಷ್ಟು ಗಂಟೆಯವರೆಗೆ ಆಡಬಹುದು. ಆಲ್ಪ್ಸ್ ಬೆಟ್ಟದ ದೊಡ್ಡ ಸ್ಕೀ ಕೇಂದ್ರಗಳು ಬುಡದ ಹಿಮ, ತುದಿಯ ಹಿಮ, ತೆರೆದಿರುವ ಇಳಿಜಾರುಗಳ ಲೆಕ್ಕವನ್ನು ಸೀಸನ್ನಿನಲ್ಲಿ ದಿನವೂ ಹೇಳುತ್ತವೆ. ನಮ್ಮಲ್ಲಿ ಹಿಮಕುಸಿತದ ಎಚ್ಚರಿಕೆಯನ್ನು ರಕ್ಷಣಾ ಇಲಾಖೆಯ ಸಂಸ್ಥೆ ಕೊಡುತ್ತದೆ. ಅದು ಜಿಲ್ಲೆಯ ಹೆಸರು, ಎತ್ತರದ ಅಂಕಿಗಳ ಭಾಷೆಯಲ್ಲಿರುತ್ತದೆ. ಹಿಂದಿಯಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ ಒಬ್ಬ ಗೃಹಿಣಿಗೆ ಅರ್ಥವಾಗುವ ನಾಲ್ಕು ಸಾಲಾಗಿ ಅದು ಕೌಂಟರಿಗೆ ಬರಬೇಕು. ಗೊಂಡೋಲಾ ಟಿಕೆಟನ್ನು ಆನ್‌ಲೈನಿನಲ್ಲಿ ಮುಂಚೆಯೇ ಮಾರಬಲ್ಲವರಿಗೆ ಆ ಟಿಕೆಟಿನ ಜೊತೆ ಇದನ್ನು ಕಳಿಸುವುದು ದೊಡ್ಡ ಕೆಲಸವಲ್ಲ.

ಟೂರಿನವರ ಪಾಲಿನ ಕೆಲಸವೂ ಇದೆ. ಐಟಿನರಿಯಲ್ಲಿ ಹನ್ನೊಂದನ್ನು ಹೊಡೆದುಹಾಕಿ ಒಂಬತ್ತು ಮಾಡಬೇಕು. ತಿಂಡಿ ಕಟ್ಟಿಸಿಕೊಂಡು ಹೋಗಬಹುದು. ಮೇ ತಿಂಗಳ ಪ್ಯಾಕೇಜಿನ ಮೇಲೆ ಫೆಬ್ರವರಿಯ ಫೋಟೋ ಛಾಪಿಸುವುದನ್ನು ನಿಲ್ಲಿಸಬೇಕು. ಮಕ್ಕಳಿಗೆ ನಿಜವಾಗಿ ಸ್ಕೀ ಕಲಿಸುವ ಆಸೆಯಿದ್ದರೆ ಜನವರಿ, ಫೆಬ್ರವರಿಯಲ್ಲಿ ಶಾಲೆಗೆ ಒಂದು ವಾರ ರಜೆ ಹಾಕಿ ಹೋಗಿ ಎಂದು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು. "ನಮ್ಮವರಿಗೆ ಸ್ಕೀಯಿಂಗ್ ಎಂಥಕ್ಕೆ?" ಎನ್ನುವವರಿಗೆ ನಾನು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳುತ್ತೇನೆ, ಹಿಮವೇ ಬೀಳದ ನಾಡಿನಿಂದ ಹೋಗಿ ಗುಲ್ಮಾರ್ಗದ ಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗಿನ ಚಿನ್ನ ತಂದವರು. ಟಂಗ್‌ಮಾರ್ಗ್ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿಗೆ ಭಾರತದಿಂದ ಹೋದ ಒಬ್ಬರೇ ಒಬ್ಬರು.

ಇದಕ್ಕೊಂದು ಎದುರು ಮಾತಿದೆ, ಹಗುರವಾದದ್ದಲ್ಲ. ನಿಜ ಹೇಳಿದರೆ ಜನ ಬರುವುದಿಲ್ಲ. ಸ್ಲೆಜ್ ಎಳೆಯುವವರು, ಕುದುರೆಯವರು, ಬೂಟು ಬಾಡಿಗೆಗೆ ಕೊಡುವವರು ಏನು ತಿನ್ನಬೇಕು? ನನ್ನ ಸ್ಕೀ ಗುರುವನ್ನೇ ಫೋನಿನಲ್ಲಿ ಕೇಳಿದೆ. "ಚಾಚಾ, ಬರ್ಫ್ ಇಲ್ಲದೆ ಬಂದವರು ಸಿಟ್ಟಿನಲ್ಲಿ ನಮ್ಮ ಹತ್ತಿರವೇ ಚೌಕಾಸಿ ಮಾಡುತ್ತಾರೆ," ಅಂದ. "ನೂರು ಜನರ ಬೈಗುಳಕ್ಕಿಂತ ನಲವತ್ತು ಜನರ ಕೂಲಿ ಮೇಲು." ಅಷ್ಟಕ್ಕೂ ಗುಲ್ಮಾರ್ಗ ಅಂದರೆ ಹೂವಿನ ಬಯಲು. ಮಾರ್ಚ್ ಕೊನೆಗೆ ಶ್ರೀನಗರದ ಟ್ಯೂಲಿಪ್ ತೋಟ ತೆರೆಯುತ್ತದೆ, ಮೇ ತಿಂಗಳಲ್ಲಿ ಬಯಲು ಹಸಿರಾಗುತ್ತದೆ. ಹಿಮವಿಲ್ಲದ ಕಾಶ್ಮೀರವನ್ನು ಹಿಮವಿಲ್ಲದ್ದೆಂದೇ ಮಾರಿದರೂ ಕೊಳ್ಳುವವರಿದ್ದಾರೆ. ಕೊಂಡವರು ಕೊಡೆಯ ತುದಿಯಿಂದ ಯಾವ ದಿಬ್ಬವನ್ನೂ ಕೆರೆಯಬೇಕಾಗುವುದಿಲ್ಲ.

ಸರ್ಕಾರದ ನಾಲ್ಕು ಸಾಲು ಬರುವವರೆಗೆ ಕಾಯುವುದು ಬೇಡವೆಂದು ನಾನು ಕೌಂಟರಿನ ಹೊರಗೆ ಒಂದು ಕಪ್ಪು ಹಲಗೆ ತೂಗುಹಾಕಿದ್ದೇನೆ. ಬೆಳಿಗ್ಗೆ ಆ ಹುಡುಗನಿಗೆ ಫೋನು, ಕೂಡಲೇ ಸೀಮೆಸುಣ್ಣ. ಹಲಗೆ ನೋಡಿ ಎರಡು ಸಂಸಾರದವರು ಮೇ ತಿಂಗಳ ಬುಕಿಂಗ್ ರದ್ದು ಮಾಡಿದರು. ಒಬ್ಬರು ಅದೇ ದುಡ್ಡನ್ನು ಮುಂದಿನ ಫೆಬ್ರವರಿಗೆ ಬರೆಸಿದರು. ಇನ್ನೊಬ್ಬರು ಬೇರೆ ಕೌಂಟರಿಗೆ ಹೋದರು. ಅಲ್ಲಿ ಗ್ಯಾರಂಟಿ ಸಿಕ್ಕಿತಂತೆ. ತಿಲಕ್ ನಗರದ ಅಜ್ಜಿ ಈಗ ದೇವಸ್ಥಾನಕ್ಕೆ ಹೋಗುವಾಗ ಮೊಮ್ಮಗನ ಕೈ ಹಿಡಿದು ನಿಂತು ಹಲಗೆ ಓದುತ್ತಾರೆ. ನಿನ್ನೆ ಬರೆದದ್ದು ಇಷ್ಟು: 'ಗುಲ್ಮಾರ್ಗ. ಬಯಲಿನಲ್ಲಿ ಅಲ್ಲಲ್ಲಿ ತೇಪೆ. ಕೊಂಗ್‌ಡೂರಿಯಲ್ಲಿ ಹಿಮ ಇದೆ, ರಾತ್ರಿ ಹೆಪ್ಪುಗಟ್ಟಿದೆ. ಹನ್ನೊಂದರೊಳಗೆ ಸಾಬುದಾಣೆ, ಆಮೇಲೆ ಗಂಜಿ.' ಅಜ್ಜಿ ಎರಡು ಸಲ ಓದಿ, "ಈಗ ಸರಿಯಾಗಿ ಬರೀತಿ ಮಾರಾಯ," ಎಂದು ಹೇಳಿ ಹೋದರು.